ಮುಂದೆ ಹೋಗುವ ಹಳದಿ ದೀಪ

ಆ ಊರಿಗೆ ಇದ್ದದ್ದು ಒಂದೇ ರಸ್ತೆ. ಗುಡ್ಡದ ಕಲ್ಲುಗಣಿಯ ಬಾಯಿಂದ ಹೊರಟು, ದೊಡ್ಡ ಓಣಿಯ ನಡುವೆ ಇಳಿದು, ಹಳ್ಳದ ಸೇತುವೆ ದಾಟಿ, ಆಚೆ ಓಣಿಯ ತಗಡಿನ ಗುಡಿಸಲುಗಳ ನಡುವೆ ಹಾದು, ಕೆರೆಯಲ್ಲಿ ಮುಗಿಯುತ್ತಿತ್ತು. ದಿನಕ್ಕೊಮ್ಮೆ ಆ ರಸ್ತೆಯ ಮೇಲೆ ಅದು ಬರುತ್ತಿತ್ತು.

ಅದನ್ನು ಕಂಡವರು ಯಾರೂ ಇರಲಿಲ್ಲ. ಅದಕ್ಕೆ ಹೆಸರೂ ಇರಲಿಲ್ಲ. ‘ಅದು’ ಎಂದರೆ ಎಲ್ಲರಿಗೂ ತಿಳಿಯುತ್ತಿತ್ತು. ಒಂದು ದಿನ ಹಾಲು ಕಾಯಿಸುವ ಹೊತ್ತಿಗೆ ಬರುವುದು, ಇನ್ನೊಂದು ದಿನ ಸೂರ್ಯ ನೆತ್ತಿಯ ಮೇಲಿದ್ದಾಗ, ಮತ್ತೊಂದು ದಿನ ಇಳಿಹೊತ್ತಿನಲ್ಲಿ. ಅದು ಬರುವಾಗ ಸದ್ದು ಸಾಯುತ್ತಿತ್ತು. ಮೊದಲು ಹಕ್ಕಿಗಳ ಸದ್ದು, ಆಮೇಲೆ ಬೀಸುವ ಕಲ್ಲಿನ ಸದ್ದು, ಕಡೆಗೆ ಮನುಷ್ಯರ ಮಾತು. ತಾಯಿ ಮಗುವನ್ನು ಕೂಗಿದರೆ ಬಾಯಿ ತೆರೆದದ್ದು ಕಾಣುತ್ತಿತ್ತು, ಅಷ್ಟೇ. ಆ ಹೊತ್ತಿನಲ್ಲಿ ರಸ್ತೆಯ ಮೇಲಿದ್ದವರು ಆಮೇಲೆ ಇರುತ್ತಿರಲಿಲ್ಲ. ರಕ್ತವಿಲ್ಲ, ಬಟ್ಟೆಯ ಚೂರಿಲ್ಲ. ಆಗಷ್ಟೇ ಯಾರೋ ಗುಡಿಸಿ ನೀರು ಚಿಮುಕಿಸಿ ಹೋದ ಅಂಗಳದ ಹಾಗೆ ರಸ್ತೆ ತಣ್ಣಗೆ, ಚೊಕ್ಕಟವಾಗಿ ಬಿದ್ದಿರುತ್ತಿತ್ತು.

ಸದ್ದು ಸಾಯುವ ಕಡೆ ಗಂಟೆಯಿಂದ ಏನು ಪ್ರಯೋಜನ, ಹಾರ್ನಿನಿಂದ ಏನು ಪ್ರಯೋಜನ? ಅದಕ್ಕೇ ಊರವರು ದೀಪವನ್ನು ನಂಬಿದ್ದರು. ಬಾಳಪ್ಪ ಎಂಬ ಮುದುಕ ಪ್ರತಿದಿನ ಬೆಳಗ್ಗೆ ತನ್ನ ಪಿಕಪ್ ಗಾಡಿಯನ್ನು ಗಣಿಯ ಬಾಯಿಗೆ ಒಯ್ದು, ಇಂಜಿನ್ ಚಾಲೂ ಇಟ್ಟು ಕಾಯುತ್ತಿದ್ದ. ತನ್ನ ಇಂಜಿನ್ನಿನ ಸದ್ದು ತನಗೇ ಕೇಳದಾದ ಕ್ಷಣ ಗೇರು ಹಾಕಿ ಹೊರಡುತ್ತಿದ್ದ. ಎಮ್ಮೆಯ ನಡಿಗೆಯಷ್ಟೇ ವೇಗ. ಗಾಡಿಯ ನೆತ್ತಿಯ ಮೇಲೆ ಎರಡು ಹಳದಿ ದೀಪಗಳು ಮಿನುಗುತ್ತಿದ್ದವು. ಹತ್ತುವುದು, ಆರುವುದು, ಹತ್ತುವುದು, ಆರುವುದು. ದೀಪ ಕಂಡವರು ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಒಳಗೆ ಹೋಗುತ್ತಿದ್ದರು. ಬಾಗಿಲು ಮುಚ್ಚಿ, ಬಾಗಿಲಿಗೆ ಬೆನ್ನು ಮಾಡಿ, ತೊಡೆಯ ಮೇಲೆ ಅಂಗೈ ಇಟ್ಟು ಕೂರುತ್ತಿದ್ದರು. ನೊಣ ಗುಂಯ್‌ಗುಡುವುದು ಕೇಳಿಸಿದರೆ ಅದು ಹೋಯಿತೆಂದು ಅರ್ಥ. ಆಮೇಲೆ ಎದ್ದು, ಬಿಟ್ಟ ಕೆಲಸ ಹಿಡಿಯುತ್ತಿದ್ದರು. ಕೆರೆ ಮುಟ್ಟಿದ ಬಾಳಪ್ಪ ಗಾಡಿಯನ್ನು ರಸ್ತೆಯಿಂದ ಬದಿಗೆ ಇಳಿಸುತ್ತಿದ್ದ, ಅದು ಅವನನ್ನು ಬಿಟ್ಟು ನೇರ ಕೆರೆಗೆ ಇಳಿದು ಹೋಗುತ್ತಿತ್ತು.

ಹೀಗೆ ಬಹಳ ಕಾಲ ನಡೆಯಿತು. ಒಂದು ವರ್ಷ ಬಾಳಪ್ಪನ ಹಳೆಯ ಗಾಡಿಯ ತಳ ತುಕ್ಕು ತಿಂದು ಕಳಚಿಬಿತ್ತು. ಊರವರು ಎಲ್ಲಿಂದಲೋ ಬಿಳಿಯ ಪಿಕಪ್ ಒಂದನ್ನು ತಂದರು. ಅದಕ್ಕೆ ದೀಪ ಕೂರಿಸಲು ಸಾವಂತ್ರಿಗೆ ಹೇಳಿಕಳಿಸಿದರು.

ಸಾವಂತ್ರಿ ಆ ಊರಿನ ವೈರಿಂಗ್ ಕೆಲಸದವಳು. ನಲವತ್ತು ದಾಟಿದ ಹೆಂಗಸು, ಒಬ್ಬಳೇ ಇದ್ದಳು. ಅಪ್ಪನಿಂದ ಕಲಿತ ಕೆಲಸ. ಮೋಟಾರಿನ ಕಾಯಿಲ್ ಸುತ್ತುವುದರಿಂದ ಹಿಡಿದು ಮನೆಗಳ ಮೀಟರ್ ಬೋರ್ಡಿನ ತನಕ ಎಲ್ಲ ಅವಳ ಕೈಯಲ್ಲೇ ಆಗಬೇಕು. ಮಾತು ಕಡಿಮೆ. ತಂತಿಯ ಸಿಪ್ಪೆಯನ್ನು ಹಲ್ಲಿನಿಂದಲೇ ಸುಲಿಯುತ್ತಿದ್ದುದರಿಂದ ಅವಳ ಮುಂಬಲ್ಲಿನಲ್ಲಿ ಸಣ್ಣ ಕಚ್ಚು ಬಿದ್ದಿತ್ತು.

ಅವಳು ಚೀಲ ಹಿಡಿದು ಬರುವಷ್ಟರಲ್ಲಿ ಗಾಡಿ ಯಜಮಾನನ ಅಂಗಳದಲ್ಲಿ ನಿಂತಿತ್ತು. ಯಜಮಾನನೆಂದರೆ ಊರಿನ ಹಿರಿಯ. ಅವನ ಮಾತನ್ನು ದೊಡ್ಡ ಓಣಿಯಲ್ಲಿ ಯಾರೂ ಎರಡನೆಯ ಸಲ ಹೇಳಿಸಿಕೊಳ್ಳುತ್ತಿರಲಿಲ್ಲ. ಅವನು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ. ಬಾಳಪ್ಪ ಗಾಡಿಯ ಬಾಗಿಲಿಗೆ ಒರಗಿ ನಿಂತಿದ್ದ.

ಸಾವಂತ್ರಿ ಬಾನೆಟ್ ಎತ್ತಿದಳು. ಬ್ಯಾಟರಿಯಿಂದ ಕೆಂಪು ತಂತಿ ಎಳೆದು, ಅದರ ಬುಡದಲ್ಲೇ ಫ್ಯೂಸ್ ಕೂರಿಸಿದಳು. ತಂತಿ ಒಳಗೆ ಹೋಗುವ ತೂತಿನ ಅಂಚು ಹರಿತವಾಗಿದ್ದರಿಂದ ಅದಕ್ಕೊಂದು ರಬ್ಬರ್ ಬುಷ್ ತೊಡಿಸಿದಳು. ಒಳಗೆ ಸ್ಟೇರಿಂಗಿನ ಕೆಳಗೆ ಫ್ಲ್ಯಾಶರ್ ಸಿಕ್ಕಿಸಿದಳು. ದೀಪ ಹತ್ತಿ ಆರುವಂತೆ ಮಾಡುವ ಸಣ್ಣ ಡಬ್ಬಿ ಅದು. ನೆತ್ತಿಯ ಮೇಲೆ ಹತ್ತಿ ಎರಡು ದೀಪಗಳನ್ನು ಬೋಲ್ಟು ಹಾಕಿ ಬಿಗಿದಳು. ಅರ್ತಿಂಗ್ ಕೊಡುವ ಜಾಗದಲ್ಲಿ ಬಣ್ಣವನ್ನು ಮರಳುಕಾಗದದಿಂದ ಉಜ್ಜಿ ಕಬ್ಬಿಣ ಹೊಳೆಯುವಂತೆ ಮಾಡಿದಳು. ಅರ್ತಿಂಗ್ ಸಡಿಲಾದರೆ ದೀಪ ಮಂಕಾಗುತ್ತದೆ. ಮಂಕಾದ ದೀಪ ಬಿಸಿಲಿನಲ್ಲಿ ಕಾಣುವುದಿಲ್ಲ. ದೀಪ ಕಾಣದಿದ್ದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಅವಳು ಚಿಕ್ಕವಳಿದ್ದಾಗ ಎಡಗಡೆಯ ದೀಪವೊಂದು ಹೀಗೆಯೇ ಮಂಕಾಗಿ, ದೊಡ್ಡ ಓಣಿಯ ಎಡಸಾಲಿನ ಐದು ಮಂದಿ ಒಂದೇ ದಿನ ಇಲ್ಲವಾಗಿದ್ದರು.

ಕೀಲಿ ತಿರುಗಿಸಿದಾಗ ದೀಪ ಹತ್ತಿತು. ಆರಿತು. ಹತ್ತಿತು. ಫ್ಲ್ಯಾಶರ್ ಟಿಕ್ ಟಿಕ್ ಎಂದು ಸದ್ದು ಮಾಡಿತು. ಸಾವಂತ್ರಿ ಕೈ ಒರೆಸಿಕೊಂಡಳು.

ಯಜಮಾನ ಕಟ್ಟೆಯಿಂದ ಇಳಿದು ಬಂದ.

“ಚಲೋ ಆತು. ಇದಕ್ಕೊಂದು ಸ್ವಿಚ್ ಹಾಕು, ಸಾವಂತ್ರಿ.”

“ಸ್ವಿಚ್ ಯಾಕ್ರೀ? ಕೀಲಿ ತಿರುವಿದ್ರ ಹತ್ತತಾವ, ತೆಗೆದ್ರ ಆರತಾವ.”

“ಕೀಲಿ ತೆಗೆದ್ರ ಗಾಡಿ ನಿಲ್ತದ. ಗಾಡಿ ನಡೀತಿರಬೇಕು, ದೀಪ ಆರಬೇಕು. ಅಂಥಾದ್ದೊಂದು ಸ್ವಿಚ್.”

“ಗಾಡಿ ನಡೀವಾಗ ದೀಪ ಯಾಕ ಆರಬೇಕ್ರೀ?”

ಯಜಮಾನ ಅವಸರ ಮಾಡಲಿಲ್ಲ. ಅವನ ದನಿ ಮೆತ್ತಗಿತ್ತು.

“ಸೇತುವೆ ದಾಟಿದ ಮ್ಯಾಲ ದೀಪ ಬ್ಯಾಡ.”

ಸೇತುವೆಯ ಆಚೆ ಇದ್ದದ್ದು ಆಚೆ ಓಣಿ. ಎರಡು ವರ್ಷದ ಹಿಂದೆ ಎಲ್ಲಿಂದಲೋ ಬಂದ ಕಲ್ಲು ಒಡೆಯುವ ಜನ ಅಲ್ಲಿ ತಗಡು ನಿಲ್ಲಿಸಿಕೊಂಡಿದ್ದರು. ಬಂದ ಮೊದಲ ವಾರ ಅವರಿಗೆ ನಿಯಮ ತಿಳಿದಿರಲಿಲ್ಲ. ಮೂವರು ರಸ್ತೆಯ ಮೇಲೆ ಇಲ್ಲವಾದರು. ಆಮೇಲೆ ಅವರೂ ದೀಪ ನೋಡಿ ಒಳಗೆ ಹೋಗಿ ಬೆನ್ನು ಮಾಡಿ ಕೂರುವುದನ್ನು ಕಲಿತರು.

“ಅವರು ಗಣ್ಯಾಗ ಸುತ್ತಿಗಿ ಬಡಿಯೋಕ ಸುರು ಮಾಡಿದ ಮ್ಯಾಲೆನೇ ಅದು ದಿನಾ ಬರಾಕ ಹತ್ತೇದ,” ಎಂದ ಯಜಮಾನ. “ಮೊದಲು ಎಂಟು ದಿನಕ್ಕೊಮ್ಮೆ ಬರ್ತಿತ್ತು. ಎಲ್ಲಾರಿಗೂ ಗೊತ್ತದ.”

ತಾನು ಚಿಕ್ಕವಳಿದ್ದಾಗಲೂ ಅದು ದಿನಾ ಬರುತ್ತಿದ್ದುದು ಸಾವಂತ್ರಿಗೆ ನೆನಪಿತ್ತು. ಆದರೆ ಎಲ್ಲರಿಗೂ ಗೊತ್ತಿದೆ ಎಂದಮೇಲೆ ಒಬ್ಬಳ ನೆನಪನ್ನು ಯಾರು ಕೇಳುತ್ತಾರೆ?

“ಅಲ್ಲಿ ಕೂಸುಗೋಳ ಅದಾವ್ರೀ, ಯಜಮಾನ್ರ,” ಎಂದಳು.

“ನಾವೇನು ಅವರ ಮೈ ಮುಟ್ತೀವೇನು? ಅವರನ್ನ ಬೈತೀವೇನು? ದೀಪ ಆರ್ತದ, ಅಷ್ಟ. ದೀಪ ನಮ್ದು. ನಮ್ಮ ದೀಪ ಎಲ್ಲಿ ಹತ್ತಬೇಕು ಎಲ್ಲಿ ಆರಬೇಕು ಅನ್ನೋದು ನಮಗ ಬಿಟ್ಟದ್ದು.”

ಸಾವಂತ್ರಿ ಬಾಳಪ್ಪನ ಮುಖ ನೋಡಿದಳು. ಬಾಳಪ್ಪ ತನ್ನ ಪಾದ ನೋಡಿಕೊಳ್ಳುತ್ತಿದ್ದ.

“ನೀ ಹಾಕಲಿಲ್ಲಂದ್ರ ಬ್ಯಾರೆ ಊರಿಂದ ಕರಸ್ತೀನಿ,” ಎಂದ ಯಜಮಾನ. “ಅವನು ಸ್ವಿಚ್ ಹಾಕಲಿಕ್ಕಿಲ್ಲ. ಸೇತುವೆ ಮ್ಯಾಲ ದೀಪದ ತಂತಿನೇ ಕತ್ತರಿಸಿ ಒಗದಾನು.”

ಅವಳು ಚೀಲದಿಂದ ಸ್ವಿಚ್ಚೊಂದನ್ನು ತೆಗೆದಳು. ಒತ್ತಿದರೆ ಅದರ ಮೂಗಿನಲ್ಲಿ ಸಣ್ಣ ಕೆಂಪು ಬಲ್ಬು ಹತ್ತುವಂಥ ಸ್ವಿಚ್ಚು. ಡ್ಯಾಶ್‌ಬೋರ್ಡಿನಲ್ಲಿ ತೂತು ಕೊರೆದು ಅದನ್ನು ಕೂರಿಸಿದಳು. ಯಜಮಾನ ತಾನೇ ಒತ್ತಿ ನೋಡಿದ. ಕೆಂಪು ಬಲ್ಬು ಹತ್ತಿತು, ನೆತ್ತಿಯ ದೀಪ ಮಿನುಗಿತು. ಮತ್ತೆ ಒತ್ತಿದ. ಕೆಂಪು ಆರಿತು, ದೀಪ ನಿಂತಿತು. ಇಂಜಿನ್ ಓಡುತ್ತಲೇ ಇತ್ತು. ಅವನು ತನ್ನ ನಂಬಿಕೆಯ ಆಳೊಬ್ಬನನ್ನು ಕರೆದು, “ನಾಳಿಂದ ಬಾಳಪ್ಪನ ಬಾಜೂಕ ನೀ ಕೂಡು. ಸೇತುವೆ ಮುಗದ ಕೂಡಲೇ ಒತ್ತು,” ಎಂದು ಹೇಳಿ ಒಳಗೆ ಹೋದ. ಆ ಆಳನ್ನು ಊರವರು ಅಂದಿನಿಂದ ಸ್ವಿಚ್ಚಿನವನು ಎಂದೇ ಕರೆದರು. ಅವನೂ ಒಳಗೆ ಹೋದ, ಊಟದ ಹೊತ್ತಾಗಿತ್ತು.

ಅಂಗಳದಲ್ಲಿ ಇಬ್ಬರೇ ಉಳಿದರು. ಸಾವಂತ್ರಿ ಚೀಲ ಕಟ್ಟಿದಳು, ಮತ್ತೆ ಬಿಚ್ಚಿದಳು. ಗಾಡಿಯ ಒಳಗೆ ಬಗ್ಗಿ, ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದಳು. ಸ್ವಿಚ್ಚಿನ ಬೆನ್ನಿನಿಂದ ದೀಪದ ಎರಡು ತಂತಿಗಳನ್ನು ಕಿತ್ತು, ಒಂದಕ್ಕೊಂದು ಹೊಸೆದಳು. ಕೆಂಪು ಬಲ್ಬಿನ ತಂತಿಯನ್ನು ಮಾತ್ರ ಸ್ವಿಚ್ಚಿಗೇ ಬಿಟ್ಟಳು. ಇನ್ನು ಸ್ವಿಚ್ಚು ಒತ್ತಿದರೆ ಆರುವುದು ಆ ಚಿಕ್ಕ ಬಲ್ಬು ಒಂದೇ. ನೆತ್ತಿಯ ದೀಪ ಇಂಜಿನ್ ಓಡುವ ತನಕ ಮಿನುಗುತ್ತಲೇ ಇರುವುದು.

ಅವಳ ಕೈ ಟೇಪಿಗಾಗಿ ತಡಕಾಡಿತು. ಬಾಳಪ್ಪ ಟೇಪನ್ನು ಅವಳ ಅಂಗೈಯಲ್ಲಿ ಇಟ್ಟ.

“ಬಾಜೂಕ ಕೂಡಾಂವಗ ಫ್ಲ್ಯಾಶರ್ ಸದ್ದು ಕೇಳತದಲ್ಲ,” ಎಂದ, ಮೆಲ್ಲಗೆ.

“ಆ ಹೊತ್ತಿನ್ಯಾಗ ಯಾವ ಸದ್ದು ಕೇಳತದ, ಕಾಕಾ?”

ಬಾಳಪ್ಪ ತಾನೂ ಡ್ಯಾಶ್‌ಬೋರ್ಡಿನ ಕೆಳಗೆ ಬಗ್ಗಿ ನೋಡಿದ. “ಖರೇ ಅದ. ಕೆರಿ ಮುಟ್ಟಿದ ಮ್ಯಾಲೆ ಏನು ಮಾಡ್ಲಿ? ವಾಪಸ್ ಬರುವಾಗ ದೀಪ ಹತ್ತಿದ್ದು ಕಂಡ್ರ ಮಂದಿ ಅಂಜತಾರ.”

“ಫ್ಯೂಸ್ ತೆಗೆದು ಕಿಸೇದಾಗ ಇಟ್ಕೋರಿ. ಮರುದಿನ ಮುಂಜಾನಿ ಹಾಕ್ರಿ.”

ಅವನು ತಲೆಯಾಡಿಸಿದ. ಅದರ ಬಗ್ಗೆ ಅವರಿಬ್ಬರೂ ಮತ್ತೆ ಮಾತಾಡಲಿಲ್ಲ.

ಮರುದಿನ ಇಂಜಿನ್ನಿನ ಸದ್ದು ಸತ್ತಾಗ ಬಾಳಪ್ಪ ಹೊರಟ. ದೊಡ್ಡ ಓಣಿ ಬಾಗಿಲು ಮುಚ್ಚಿಕೊಂಡು ಬೆನ್ನು ಮಾಡಿ ಕೂತಿತು. ಗಾಡಿ ಸೇತುವೆ ದಾಟಿತು. ಸ್ವಿಚ್ಚಿನವನು ಕಣ್ಣು ಅರ್ಧ ಮುಚ್ಚಿ ಒತ್ತಿದ. ಕೆಂಪು ಬಲ್ಬು ಆರಿತು. ಮುಂದೆ ಆಚೆ ಓಣಿಯಲ್ಲಿ ಹೆಂಗಸರು ಸರಸರನೆ ಒಳಗೆ ಹೋಗುವುದು ಅವನಿಗೆ ಕಂಡಿತೋ ಇಲ್ಲವೋ. ಅವನು ತೊಡೆಯ ಮೇಲಿನ ತನ್ನ ಕೈಯನ್ನೇ ನೋಡುತ್ತಿದ್ದ. ಕೆರೆ ಮುಟ್ಟಿದ ಮೇಲೆ ಇಳಿದು ಹೋಗಿ ಬಹಳ ಹೊತ್ತು ಮುಖ ತೊಳೆದ. ಅಷ್ಟರಲ್ಲಿ ಫ್ಯೂಸ್ ಬಾಳಪ್ಪನ ಜೇಬಿಗೆ ಸೇರಿತ್ತು.

ದೊಡ್ಡ ಓಣಿಯವರು ಆ ಸಂಜೆ ಸೇತುವೆಯತ್ತ ನೋಡಲಿಲ್ಲ. ಆದರೆ ಬೆಳಗ್ಗೆ ಆಚೆ ಓಣಿಯ ಜನ ಸುತ್ತಿಗೆ ಹೆಗಲಿಗೆ ಹಾಕಿಕೊಂಡು ಎಂದಿನಂತೆ ಗಣಿಗೆ ಹೊರಟರು. ಎಲ್ಲರಿಗಿಂತ ಮುಂದೆ ಅಂಬೂಬಾಯಿ. ಮೊದಲ ವಾರದಲ್ಲಿ ಇಲ್ಲವಾದ ಮೂವರಲ್ಲಿ ಒಬ್ಬ ಅವಳ ಗಂಡ. ಅವಳು ಯಜಮಾನನ ಕಟ್ಟೆಯ ಮುಂದೆ ಹಾಯುವಾಗ, “ಶರಣ್ರೀ,” ಎಂದಳು. ಯಜಮಾನ ಚಹಾದ ಲೋಟ ಕೆಳಗಿಟ್ಟು, ಅವಳ ಹಿಂದೆ ಬರುವವರನ್ನು ಎಣಿಸಿದ.

ಎರಡನೆಯ ದಿನವೂ ಹಾಗೆಯೇ. ಮೂರನೆಯ ದಿನವೂ.

“ಒತ್ತಿದ್ಯೋ ಇಲ್ಲೋ?” ಎಂದು ಯಜಮಾನ ಕೇಳಿದ.

“ಒತ್ತೀನ್ರೀ. ಕೆಂಪು ಆರೋದು ಕಣ್ಣಿಲೇ ನೋಡೀನಿ.”

ಎಂಟು ದಿನವಾಯಿತು. ಯಜಮಾನನ ನಿದ್ದೆ ಹೋಯಿತು. ದೀಪವಿಲ್ಲದೆ ಅವರು ಉಳಿದದ್ದು ಹೇಗೆ? ಅವನು ಅದನ್ನೇ ಮೆಲುಕು ಹಾಕಿದ. ಹಾಕಿ ಹಾಕಿ ಕಡೆಗೆ ಒಂದು ಉತ್ತರಕ್ಕೆ ಬಂದ. ಅದು ಯಾರನ್ನೂ ಒಯ್ಯುವುದಿಲ್ಲ. ಒಯ್ಯುವುದು ಭಯ. ತನ್ನಪ್ಪ, ತನ್ನಜ್ಜ, ಅವರಜ್ಜ ಬಾಗಿಲಿಗೆ ಬೆನ್ನು ಮಾಡಿ ಕೂತು ಆಯಸ್ಸು ಕಳೆದದ್ದು ಬರಿಯ ಭ್ರಮೆಗೆ. ಆ ಉತ್ತರ ಸಿಕ್ಕಿದಾಗ ಅವನ ಮುಖ ಬೆಳಗಿತು. ಬಹಳ ಕಾಲದ ಮೇಲೆ ಅವನು ಹೊಟ್ಟೆ ತುಂಬ ಉಂಡನಂತೆ.

ಒಂಬತ್ತನೆಯ ದಿನ ಬೆಳಗ್ಗೆ ಡಂಗುರ ಹೊಡೆಸಿದ. “ಇವತ್ತು ಯಜಮಾನ್ರು ಆಚೆ ಓಣ್ಯಾಗ, ನಡು ರಸ್ತೆ ಮ್ಯಾಲ ನಿಲ್ತಾರ. ಅಂಜಿಕಿ ಬಿಟ್ಟವರು ಸಂಗಾಟ ಬರ್ರಿ!”

ಸಾವಂತ್ರಿ ಡಂಗುರ ಕೇಳಿದಾಗ ಒಲೆಯ ಮುಂದೆ ಇದ್ದಳು. ಅವಳ ಮನಸ್ಸಿಗೆ ಮೊದಲು ಬಂದದ್ದು ನೆಮ್ಮದಿ. ನಿಲ್ಲಲಿ, ಎಂದುಕೊಂಡಳು. ಯಾರೂ ಅವನನ್ನು ದೂಡಿಲ್ಲ. ತಾನು ಅವನ ಮೈ ಮುಟ್ಟಿಲ್ಲ, ಬೈದಿಲ್ಲ. ಹೀಗೆ ಅಂದುಕೊಂಡ ಕೂಡಲೇ ಅವು ಯಾರ ಮಾತುಗಳೆಂದು ಅವಳಿಗೆ ಗೊತ್ತಾಯಿತು. ಆದರೂ ಏಳಲಿಲ್ಲ. ಎದ್ದು ಹೇಳಿದರೆ ಗುಟ್ಟು ಬಯಲಾಗುತ್ತದೆ. ಗುಟ್ಟು ಬಯಲಾದರೆ ನಾಳೆ ತಂತಿ ಕತ್ತರಿಸುತ್ತಾರೆ. ಆಚೆ ಓಣಿ ನಾಡಿದ್ದಿಗೆ ಖಾಲಿ. ಅವಳು ಒಲೆಯ ಕೆಂಡವನ್ನೇ ನೋಡುತ್ತ ಕೂತಳು.

ಅಷ್ಟರಲ್ಲಿ ಕಿಟಕಿಯಾಚೆ ಜನ ಹಾದರು. ಒಬ್ಬರಲ್ಲ, ಇಬ್ಬರಲ್ಲ. ಎದುರು ಮನೆಯ ಸೊಸೆ ಕೂಸನ್ನು ಸೊಂಟದ ಮೇಲೆ ಇಟ್ಟುಕೊಂಡು ಹೋಗುತ್ತಿದ್ದಳು. ಬಳೆಗಾರ್ತಿ ಹೋಗುತ್ತಿದ್ದಳು. ಕೋಲೂರಿಕೊಂಡ ಮುದುಕರು, ಜಾತ್ರೆಗೆ ಹೊರಟವರ ಹಾಗೆ ತಲೆಗೆ ಎಣ್ಣೆ ಹಚ್ಚಿದ ಹುಡುಗಿಯರು. ಇಡೀ ದೊಡ್ಡ ಓಣಿ ನಗುನಗುತ್ತ ಸೇತುವೆಯತ್ತ ಇಳಿಯುತ್ತಿತ್ತು.

ಸಾವಂತ್ರಿ ಬರಿಗಾಲಲ್ಲಿ ಓಡಿದಳು.

ಆಚೆ ಓಣಿ ತುಂಬಿಹೋಗಿತ್ತು. ಇಷ್ಟು ಮಂದಿ ಯಾಕೆ ಬಂದರೆಂದು ತಿಳಿಯದೆ ಅಲ್ಲಿಯವರು ಗಣಿಗೆ ಹೋಗುವುದನ್ನೂ ಬಿಟ್ಟು ಬಾಗಿಲುಗಳಲ್ಲಿ ನಿಂತು ನೋಡುತ್ತಿದ್ದರು. ನಡುರಸ್ತೆಯಲ್ಲಿ ಯಜಮಾನ ಬಿಳಿ ಧೋತರ ಉಟ್ಟು, ಎದೆ ಸೆಟೆದು ನಿಂತಿದ್ದ. ಅವನ ಸುತ್ತ ಸುಮಾರು ನೂರು ಮಂದಿ.

“ಯಜಮಾನ್ರ! ಇವರನ್ನ ಒಳಗ ಕಳಸ್ರಿ!”

“ಅಂಜಬ್ಯಾಡ ಸಾವಂತ್ರಿ, ಬಾ. ಎಂಟು ದಿನ ದೀಪ ಇಲ್ದ ಇವರು ಬದುಕ್ಯಾರ. ಒಬ್ಬರ ಕೂದಲಾನೂ ಕೊಂಕಿಲ್ಲ.”

“ದೀಪ ಇತ್ರೀ! ಎಂಟೂ ದಿನ ಇತ್ತು! ಸ್ವಿಚ್ ಸುಳ್ಳು. ನಾನ ತಂತಿ ಕಿತ್ತು—”

ಮರದ ಮೇಲಿನ ಗುಬ್ಬಿಗಳ ಸದ್ದು ಕಡಿದುಹೋಯಿತು. ಎಲ್ಲೋ ಅಳುತ್ತಿದ್ದ ಕೂಸಿನ ಅಳು ಕಡಿದುಹೋಯಿತು. ಸಾವಂತ್ರಿಯ ಬಾಯಿ ಆಡುತ್ತಲೇ ಇತ್ತು. ‘ನಿಮ್ಮ ಕಾಲಿಗೆ ಬೀಳ್ತೀನಿ’ ಎಂದು ಅವಳು ಅಂದದ್ದು ಅವಳ ಕಿವಿಗೂ ಬೀಳಲಿಲ್ಲ. ಕೇಳಿದ ಅರ್ಧ ಮಾತು ಜನರ ನಡುವೆ ನಿಂತಿತು. ಕೆಲವರ ನಗು ಮುಖದ ಮೇಲೇ ಹೆಪ್ಪುಗಟ್ಟಿತು. ಯಜಮಾನ ಮಾತ್ರ ಕದಲಲಿಲ್ಲ. ದೀಪ ಆರಿಸಿದ ಕೂಡಲೇ ಕಿಟಕಿಯಿಂದ ಬಿಳಿ ಕರವಸ್ತ್ರ ಬೀಸಬೇಕೆಂದು ಅವನು ಸ್ವಿಚ್ಚಿನವನಿಗೆ ಹೇಳಿದ್ದ. ಅವನ ಕಣ್ಣು ಸೇತುವೆಯ ಮೇಲಿತ್ತು.

ಪಿಕಪ್ ಸೇತುವೆ ದಾಟಿತು. ಕಿಟಕಿಯಿಂದ ಕೈ ಹೊರಬಂತು. ಬಿಳಿ ಕರವಸ್ತ್ರ ಆಡಿತು.

ಅದರ ಮೇಲೆ, ನೆತ್ತಿಯಲ್ಲಿ, ಎರಡು ಹಳದಿ ದೀಪಗಳು ಹತ್ತಿದವು. ಆರಿದವು. ಹತ್ತಿದವು. ಅಷ್ಟು ಬಿಸಿಲಿನಲ್ಲೂ ಎಲ್ಲರ ಮುಖದ ಮೇಲೆ ಅರಿಶಿಣ ಬಳಿದು ಒರೆಸಿದಂತೆ ಬೆಳಕು ಬಂದು ಬಂದು ಹೋಯಿತು.

ಇಡೀ ಗುಂಪು ಒಡೆಯಿತು. ನೂರು ಜನ ಓಡಿದರೂ ಕಾಲಸಪ್ಪಳವಿಲ್ಲ, ಕೂಗಿಲ್ಲ. ಬಾಯಿ ತೆರೆದ ಮುಖಗಳು ಒಂದಕ್ಕೊಂದು ಬಡಿದವು. ಆಚೆ ಓಣಿಯ ಜನ ಬಾಗಿಲು ಮುಚ್ಚಲಿಲ್ಲ. ಕೈಗೆ ಸಿಕ್ಕವರನ್ನು ಸಿಕ್ಕ ಕಡೆ ಹಿಡಿದು ಒಳಗೆಳೆದರು, ಮಕ್ಕಳನ್ನು ತೋಳು ಹಿಡಿದು, ಮುದುಕರನ್ನು ಕೋಲು ಹಿಡಿದು. ಒಂದೊಂದು ತಗಡಿನ ಗೂಡಿನಲ್ಲಿ ಹದಿನೈದು ಮಂದಿ ತುಂಬಿದರು.

ಸ್ವಿಚ್ಚಿನವನಿಗೂ ಆಗ ತಿಳಿಯಿತು. ಎದುರಿನ ಮುಖಗಳ ಮೇಲೆ ಹಳದಿ ಬಂದು ಹೋಗುವುದನ್ನು ಅವನು ನೋಡಿದ. ಕೆಂಪು ಬಲ್ಬು ನೋಡಿದ. ಸ್ವಿಚ್ಚನ್ನು ಒತ್ತಿದ, ಮತ್ತೆ ಮತ್ತೆ ಒತ್ತಿದ. ಆಮೇಲೆ, ಯಾಕೋ ಯಾರಿಗೂ ಗೊತ್ತಿಲ್ಲ, ಬಾಗಿಲು ತೆರೆದು ನಡೆಯುವ ಗಾಡಿಯಿಂದ ಇಳಿದುಬಿಟ್ಟ. ಬಾಳಪ್ಪ ಎಡಗೈ ಚಾಚಿ ಅಂಗಿ ಹಿಡಿಯಲು ನೋಡಿದ. ಕೈಗೆ ಕರವಸ್ತ್ರ ಬಂತು.

ರಸ್ತೆಯ ಮೇಲೆ ಉಳಿದವನು ಯಜಮಾನ. ದೀಪಗಳು ಅವನನ್ನು ಹಾದು ಹೋದವು. ಅವನು ಸುತ್ತ ನೋಡಿದ. ಎಲ್ಲ ಬಾಗಿಲುಗಳೂ ಮುಚ್ಚಿದ್ದವು. ಒಂದು ಮಾತ್ರ ತೆರೆದಿತ್ತು. ಅದರಲ್ಲಿ ಅಂಬೂಬಾಯಿ ನಿಂತಿದ್ದಳು. ಸಾವಂತ್ರಿ ಕೂಗಿದ ಅರ್ಧ ಮಾತು ಅವಳಿಗೂ ಕೇಳಿಸಿತ್ತು. ಸ್ವಿಚ್ಚು ಯಾಕೆ ಬಂತು, ಯಾರ ಮೇಲೆ ಬಂತು ಎನ್ನುವುದು ಅವಳಿಗೆ ಅರ್ಥವಾಗಿತ್ತು. ಅದು ಅವಳ ಮುಖದಲ್ಲಿ ಕಾಣುತ್ತಿತ್ತು. ಅವಳು ಯಜಮಾನನನ್ನು ನೋಡಿದಳು. ಕರೆಯಲಿಲ್ಲ, ಕೈ ಬೀಸಲಿಲ್ಲ. ಬಾಗಿಲು ಹಿಡಿದು ಸುಮ್ಮನೆ ಪಕ್ಕಕ್ಕೆ ಸರಿದಳು.

ಅವನು ಒಳಗೆ ಬಂದ.

ಒಳಗೆ ಸಾವಂತ್ರಿ ಇದ್ದಳು, ಎದುರು ಮನೆಯ ಸೊಸೆ ಇದ್ದಳು, ಹೆಸರು ಗೊತ್ತಿಲ್ಲದ ಎಷ್ಟೋ ಮಂದಿ ಇದ್ದರು. ಎಲ್ಲರೂ ಬೆನ್ನು ಮಾಡಿ ಕೂತಿದ್ದರು. ಆ ತಗಡಿನ ಬಾಗಿಲಿಗೆ ಅಗುಳಿ ಇರಲಿಲ್ಲ. ಅದನ್ನು ಕಡೆಗೆ ಬಂದವರು ಬೆನ್ನಿನಿಂದ ಒತ್ತಿ ಹಿಡಿಯಬೇಕಿತ್ತು. ಕಡೆಗೆ ಬಂದವನು ಅವನೇ. ಅಂಬೂಬಾಯಿ ಅವನನ್ನು ಭುಜ ಹಿಡಿದು ಬಾಗಿಲಿಗೆ ಆನಿಸಿ ಕೂರಿಸಿದಳು. ತಾನು ಮುಂದೆ ಕೂತು ಗೋಡೆಯತ್ತ ಮುಖ ಮಾಡಿದಳು.

ತಗಡು ತಣ್ಣಗಾಗತೊಡಗಿತು. ಮಧ್ಯಾಹ್ನದ ಬಿಸಿಲಿಗೆ ಕಾದ ತಗಡು, ಬೆನ್ನು ಮರಗಟ್ಟುವಷ್ಟು ತಣ್ಣಗಾಯಿತು. ಅದು ಎಂದೂ ನಿಲ್ಲುವುದಿಲ್ಲ ಎನ್ನುತ್ತಿದ್ದರು. ಅಂದು ನಿಂತಿತು. ಬಾಗಿಲು ಒಳಕ್ಕೆ ಒಂದು ಬೆರಳಷ್ಟು ಬಾಗಿತು. ಯಜಮಾನ ಹಿಮ್ಮಡಿ ಊರಿ ಒತ್ತಿದ. ಅವನ ಕಣ್ಣೆದುರು ಸಾಲಾಗಿ ಕೂತ ಬೆನ್ನುಗಳಿದ್ದವು. ಯಾವುದು ದೊಡ್ಡ ಓಣಿಯದು, ಯಾವುದು ಆಚೆ ಓಣಿಯದು ಎಂದು ಬೆನ್ನು ನೋಡಿದರೆ ತಿಳಿಯುವಂತಿರಲಿಲ್ಲ. ಒಂದು ಕೂಸು ಮಾತ್ರ ತಾಯಿಯ ಹೆಗಲ ಮೇಲಿಂದ ಅವನನ್ನೇ ನೋಡುತ್ತಿತ್ತು. ಅವನು ಬಾಗಿಲನ್ನು ಹಿಡಿದ. ಎಷ್ಟು ಹೊತ್ತು ಹಿಡಿದನೋ ಯಾರೂ ಹೇಳಲಾರರು.

ಆಮೇಲೆ ನೊಣವೊಂದು ಗುಂಯ್ ಎಂದಿತು.

ಹೊರಗೆ ರಸ್ತೆ ತಣ್ಣಗೆ, ಚೊಕ್ಕಟವಾಗಿ ಬಿದ್ದಿತ್ತು. ಸ್ವಿಚ್ಚಿನವನು ಇರಲಿಲ್ಲ. ಬಾಳಪ್ಪ ಕೆರೆಯಿಂದ ಒಬ್ಬನೇ ಹಿಂದಿರುಗಿ, ಗಾಡಿ ನಿಲ್ಲಿಸಿ, ಸ್ಟೇರಿಂಗಿನ ಮೇಲೆ ಹಣೆಯಿಟ್ಟು ಅತ್ತ. ದೊಡ್ಡ ಓಣಿಯವರು ತಲೆ ತಗ್ಗಿಸಿಕೊಂಡು ಸೇತುವೆ ದಾಟಿದರು. ಕೆಲವರು ಅಂಬೂಬಾಯಿಗೆ ಕೈ ಮುಗಿದರು. ಕೆಲವರಿಗೆ ಅದೂ ಆಗಲಿಲ್ಲ.

ಯಜಮಾನ ಒಂದೇ ದಿನದಲ್ಲಿ ಒಳ್ಳೆಯವನಾದ ಎಂದು ಹೇಳಿದರೆ ಸುಳ್ಳಾದೀತು. ಮೂರು ದಿನ ಅವನು ಮನೆಯಿಂದ ಹೊರಗೆ ಬರಲಿಲ್ಲ. ನಾಲ್ಕನೆಯ ದಿನ ಸಾವಂತ್ರಿಯನ್ನು ಕರೆಸಿದ. ಅವನ ಬೆನ್ನು ಹಿಡಿದುಕೊಂಡಿತ್ತು. ಗೋಡೆಗೆ ಒರಗಲು ಬಾರದೆ ನೆಟ್ಟಗೆ ಕೂತಿದ್ದ.

“ನೀ ನನಗ ಸುಳ್ಳ ಹೇಳಿದಿ,” ಎಂದ.

“ಹೌದ್ರೀ.”

“ನಿನ್ನ ಸುಳ್ಳಿಗೆ ನನ್ನ ಆಳು ಹೋದ.”

ಮೂರು ರಾತ್ರಿ ಸಾವಂತ್ರಿಯೂ ಇದನ್ನೇ ಕೇಳಿಕೊಂಡಿದ್ದಳು. “ಹೌದ್ರೀ,” ಎಂದಳು. “ಅವನು ಹೋದ. ಅದು ನನ್ನ ಮ್ಯಾಲೂ ಅದ, ನಿಮ್ಮ ಮ್ಯಾಲೂ ಅದ.”

ಯಜಮಾನ ಅವಳ ಮುಖ ನೋಡದೆ ಹೇಳಿದ: “ಸ್ವಿಚ್ ಕಿತ್ತು ಹಾಕು. ಇನ್ನ ಮ್ಯಾಲೆ ಊರಾಗ ನೀ ಯಾರ ಮನಿ ವೈರಿಂಗೂ ಮಾಡೋದು ಬ್ಯಾಡ. ಬಾಳಪ್ಪನ ಬಾಜೂದ ಸೀಟು ಖಾಲಿ ಅದ. ದಿನಾ ಅಲ್ಲಿ ಕೂಡು.”

ಅದು ಶಿಕ್ಷೆಯೋ, ನಂಬಿಕೆಯೋ ಎಂದು ಊರವರು ಬಹಳ ದಿನ ಚರ್ಚೆ ಮಾಡಿದರು. ಅದಕ್ಕೆ ಅಷ್ಟು ಹತ್ತಿರ ಕೂರುವ ಸೀಟು ಯಾರಿಗೂ ಬೇಡವಾಗಿತ್ತು. ಹೇಳಿದವನಿಗೇ ಅದು ಏನೆಂದು ಗೊತ್ತಿತ್ತೋ ಇಲ್ಲವೋ.

ಮರುದಿನ ಸಾವಂತ್ರಿ ಸ್ವಿಚ್ ಕಿತ್ತು, ಹೊಸೆದ ತಂತಿಯನ್ನು ಬಿಚ್ಚಿ, ಸರಿಯಾದ ಗಂಟು ಹಾಕಿ, ಗಾಡಿ ಹತ್ತಿ ಕೂತಳು. ಗಣಿಯ ಬಾಯಿ ಇಷ್ಟು ದೊಡ್ಡದೆಂದು ಅವಳಿಗೆ ಗೊತ್ತಿರಲಿಲ್ಲ. ಕತ್ತರಿಸಿದ ಕಲ್ಲಿನ ಗೋಡೆಗಳು ಮೆಟ್ಟಿಲು ಮೆಟ್ಟಿಲಾಗಿ ಕೆಳಗೆ ಇಳಿದು, ಬಿಸಿಲು ಮುಟ್ಟದ ಕಡೆ ಮುಗಿಯುತ್ತಿದ್ದವು. ಆ ಕಡೆ ಬೆನ್ನು ಮಾಡಿ ಗಾಡಿ ನಿಂತಿತ್ತು. ಇಂಜಿನ್ ಗುರುಗುಟ್ಟುತ್ತಿತ್ತು.

“ಕಾಕಾ, ನೀವು ಒಂದು ದಿನಾನೂ ತಿರುಗಿ ನೋಡಿಲ್ಲೇನು?”

“ಮೊದಮೊದಲು ನೋಡಬೇಕು ಅನಸ್ತಿತ್ತು,” ಎಂದ ಬಾಳಪ್ಪ. “ಒಂದು ದಿನ ನೋಡೇ ಬಿಡೋಣು ಅಂತ ಕುತ್ತಿಗಿ ತಿರುವಿದ್ನಿ. ಅಷ್ಟರಾಗ ಮುಂದ ಒಬ್ಬಾಕಿ ಬೀದ್ಯಾಗ ಶಾವಿಗಿ ಒಣಗ ಹಾಕಿದ್ದು ಕಣ್ಣಂಚಿಗೆ ಕಾಣಿಸ್ತು. ನಮ್ಮ ಕಡೆ ಬೆನ್ನು ಮಾಡಿದ್ಲು. ದೀಪ ಕಂಡಿರಲಿಲ್ಲ ಆಕಿಗಿ.”

“ಆಮ್ಯಾಲೆ?”

“ಗಾಡಿ ಬದೀಕ ತಂದು ಕೈಯಿಲೇ ದೂಡಿದ್ನಿ. ಒಳಗ ಬಿದ್ಲು. ಮಣಕಾಲು ಒಡೀತು, ಮೂರು ತಿಂಗಳು ನನಗ ಬೈದ್ಲು.” ಬಾಳಪ್ಪ ನಕ್ಕ. “ಅವತ್ತಿನಿಂದ ಹಿಂದ ನೋಡೋಕ ಟೈಮ್ ಸಿಕ್ಕಿಲ್ಲ ನೋಡವ್ವ. ನನ್ನ ಕಣ್ಣು ಈಗ ಮಂಜಾಗ್ಯಾವ. ನೀ ಎಡಕ್ಕ ನೋಡ್ತಿರು, ನಾ ಬಲಕ್ಕ ನೋಡ್ತೀನಿ. ಯಾರರ ನಿಂತಿದ್ರ—”

ಅವನ ತುಟಿ ಆಡುತ್ತಿತ್ತು. ಇಂಜಿನ್ನಿನ ಸದ್ದು ಇರಲಿಲ್ಲ. ಬಾಳಪ್ಪ ಮಾತು ನಿಲ್ಲಿಸಿ ಗೇರು ಹಾಕಿದ. ಸಾವಂತ್ರಿಯ ಕುತ್ತಿಗೆಯ ಹಿಂದೆ ಚಳಿ ಏರಿತು. ಅವಳು ಕಿಟಕಿಯ ಗಾಜನ್ನು ಪೂರ್ತಿ ಇಳಿಸಿ, ತಲೆ ಹೊರಗೆ ಹಾಕಿ, ಎಡಗಡೆಯ ಮೊದಲ ಮನೆಯ ಕಟ್ಟೆಯನ್ನು ನೋಡಿದಳು, ಅದರ ಬಾಗಿಲನ್ನು ನೋಡಿದಳು, ಬಾವಿಯ ಹಿಂಬದಿಯನ್ನು ನೋಡಿದಳು, ಆಮೇಲೆ ಎರಡನೆಯ ಮನೆಯನ್ನು.